ಮೊದಲು ಮೂಗು ಮನೆ ಸೇರಬೇಕು

ನಮ್ಮ ಕಡೆ ಮನೆಗೆ ಬಂದವರನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ. ಬಾಗಿಲಲ್ಲೇ ಕೈಚೀಲ ಇಸಿದುಕೊಳ್ಳುತ್ತೇವೆ, ಫ್ಯಾನ್ ಹಾಕುತ್ತೇವೆ, ನೀರು ಕೊಡುತ್ತೇವೆ, ಕಾಫಿಯೋ ಟೀಯೋ ಎಂದು ಕೇಳಿ ಉತ್ತರ ಬರುವ ಮೊದಲೇ ಕಾಫಿಗೆ ಇಟ್ಟಿರುತ್ತೇವೆ. ಊರಿನ ಮಳೆ, ಮಗಳ ಮದುವೆ, ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸುತ್ತೇವೆ. ಬಂದವರು ಐದು ನಿಮಿಷ ಒಬ್ಬರೇ ಕೂತರೆ ಕಸಿವಿಸಿಯಾಗುವುದು ನಮಗೆ. ಮೇಲೆ ಬಿದ್ದು ವಿಚಾರಿಸಿಕೊಳ್ಳುವುದನ್ನೇ ಪ್ರೀತಿ ಎಂದು ಕಲಿತು ಬೆಳೆದವರು ನಾವು. ಹೊಸದಾಗಿ ಮನೆಗೆ ಬಂದ ಬೆಕ್ಕಿಗೆ ಈ ಉಪಚಾರದಲ್ಲಿ ಒಂದೂ ಬೇಡ. ಅದನ್ನು ದಿಟ್ಟಿಸಬಾರದು, ಕರೆಯಬಾರದು, ಎತ್ತಬಾರದು, ನೆರೆಮನೆಯವರನ್ನು ಕರೆದು ತೋರಿಸಬಾರದು. ಒಂದು ಮೂಲೆ ಬಿಟ್ಟುಕೊಟ್ಟು ಕಾಯಬೇಕು. ಕೈಚಾಚಬೇಕೆಂಬ ಆಸೆಯನ್ನು ಅಷ್ಟು ದಿನ ಹಿಡಿದಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಬೆಕ್ಕು ತಂದವರಿಗೇ ಗೊತ್ತು.

ಸುಬ್ಬಿ ನಮ್ಮ ಮನೆಗೆ ಬಂದದ್ದು ಮಳೆಗಾಲದಲ್ಲಿ. ನನಗೆ ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿದ ಮಿಸ್ ಮೈಸೂರಿನ ಜಯಲಕ್ಷ್ಮೀಪುರದಲ್ಲಿ ಒಬ್ಬರೇ ಇದ್ದರು. ಎಂಬತ್ತು ದಾಟಿದ ಮೇಲೆ ಒಂಟಿ ವಾಸ ಬೇಡವೆಂದು ಮಗ ಪುಣೆಗೆ ಕರೆಸಿಕೊಂಡರು. ಅಲ್ಲಿ ಮೊಮ್ಮಗನಿಗೆ ಉಬ್ಬಸ. ಬೆಕ್ಕನ್ನು ಒಯ್ಯುವ ಹಾಗಿಲ್ಲ. ಎಳೆಯ ಮರಿಯಾಗಿದ್ದರೆ ಕೇಳಿಕೊಂಡು ಬರುವವರಿದ್ದರು. ಐದು ವರ್ಷದ, ಬೂದು ಮೈಯ ಮೇಲೆ ಕಪ್ಪು ಪಟ್ಟೆಯ, ಹೊಸಬರನ್ನು ಕಂಡರೆ ಬೀರುವಿನ ಮೇಲೇರುವ ಹೆಣ್ಣು ಬೆಕ್ಕನ್ನು ಯಾರು ಕೇಳುತ್ತಾರೆ? “ನಿನಗೆ ಕೊಡ್ತೀನಿ ಕಣಮ್ಮ, ಆದರೆ ಅವಳಿಗೆ ಅವಸರ ಮಾಡಬೇಡ” ಎಂದರು ಮಿಸ್. ನಾನು ಕೇಳಿದ ಉಪದೇಶಗಳಲ್ಲೆಲ್ಲ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ.

ಅಮ್ಮನಿಗೆ ಬೆಕ್ಕನ್ನು ‘ತರುವುದು’ ಎಂಬುದೇ ವಿಚಿತ್ರವಾಗಿ ಕಂಡಿತು. ಅವಳು ತೀರ್ಥಹಳ್ಳಿ ಕಡೆಯವಳು. “ಬೆಕ್ಕನ್ನ ಯಾರಾದ್ರೂ ಹೋಗಿ ತರ್ತಾರೇನೆ? ಅದೇ ಬರತ್ತೆ, ಇರೋ ಮನಸಿದ್ರೆ ಇರತ್ತೆ” ಎಂದಳು. ಅವಳ ತವರಿನಲ್ಲಿ ಬೆಕ್ಕುಗಳು ಅಟ್ಟದ ಮೇಲೆ ಹುಟ್ಟಿ, ಅಟ್ಟದ ಮೇಲೆ ಮುದಿಯಾಗಿ, ಯಾರಿಗೂ ಹೇಳದೆ ಹೋಗಿಬಿಡುತ್ತಿದ್ದವು. ಹಾಲಿಗೆ ಬಾಯಿ ಹಾಕುವ ಕಳ್ಳ ಬೆಕ್ಕೊಂದನ್ನು ಗೋಣಿಚೀಲದಲ್ಲಿ ತುಂಬಿ ಹೊಳೆ ದಾಟಿಸಿ ಬಿಟ್ಟುಬಂದರೂ ಅದು ಮತ್ತೆ ಒಲೆಯ ಹತ್ತಿರ ಬಂದು ಮಲಗಿತ್ತಂತೆ. ನಾಯಿ ಜನವನ್ನು ನಂಬುತ್ತೆ, ಬೆಕ್ಕು ಮನೆಯನ್ನು ನಂಬುತ್ತೆ ಎಂಬ ಮಾತನ್ನು ಅಮ್ಮ ಹೇಳಿ ಮುಗಿಸಿದಳು. ಬೆಕ್ಕಿಗೂ ಜನ ಬೇಕು, ಅದನ್ನು ಮುಂದೆ ಕಣ್ಣಾರೆ ಕಂಡೆ. ಆದರೂ ಮೊದಲ ವಾರಗಳ ಮಟ್ಟಿಗೆ ಅಮ್ಮನ ಮಾತೇ ಸರಿ.

ಯಾಕೆಂದರೆ ನಮ್ಮ ಮನೆಬೆಕ್ಕಿನ ಮೂಲ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾಗಳ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅಪಾಯ ಬಂದರೆ ಕೂಗಿ ಕರೆಯಲು ಅದಕ್ಕೊಂದು ಗುಂಪಿಲ್ಲ. ಅದಕ್ಕಿರುವ ರಕ್ಷಣೆಯೆಂದರೆ ಗೊತ್ತಿರುವ ನೆಲ: ಎಲ್ಲಿ ನುಸುಳಬಹುದು, ಎಲ್ಲಿ ಏರಬಹುದು, ಯಾವ ಸದ್ದಿಗೆ ಹೆದರಬೇಕು, ಯಾವುದನ್ನು ಬಿಡಬಹುದು ಎಂಬ ತಿಳಿವಳಿಕೆ. ಬೆಕ್ಕನ್ನು ಒಂದು ಮನೆಯಿಂದ ಎತ್ತಿ ಇನ್ನೊಂದಕ್ಕೆ ತಂದಾಗ ಆ ತಿಳಿವಳಿಕೆಯಷ್ಟೂ ಒಂದೇ ಮಧ್ಯಾಹ್ನ ನಿರುಪಯೋಗಿಯಾಗುತ್ತದೆ. ಮಂಚದಡಿ ಸೇರಿದ ಬೆಕ್ಕನ್ನು ಕಂಡು “ಎಷ್ಟು ಮಾಡಿದರೂ ಇದಕ್ಕೆ ಪ್ರೀತಿಯೇ ಇಲ್ಲ” ಎಂದು ನೊಂದುಕೊಳ್ಳುವವರಿದ್ದಾರೆ. ಅವರಿಗೆ ನಾನು ಹೇಳಬೇಕಾದ್ದು ಇಷ್ಟೇ: ಅದು ನಿಮ್ಮನ್ನು ತಿರಸ್ಕರಿಸುತ್ತಿಲ್ಲ, ಜೀವ ಉಳಿಸಿಕೊಳ್ಳುತ್ತಿದೆ.

ಮಿಸ್ ಮನೆಯಲ್ಲಿ ತಯಾರಿ ಮೊದಲೇ ಶುರುವಾಗಿತ್ತು. ಜಾಲರಿ ಬಾಗಿಲಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಅವರ ನಡುಮನೆಯಲ್ಲಿ ತೆರೆದಿಟ್ಟು ಅದರೊಳಗೇ ಊಟ ಇಡತೊಡಗಿದೆವು. ಹೊರಡುವ ದಿನ ಸುಬ್ಬಿ ತಾನಾಗಿ ಒಳಗೆ ಕೂತಿದ್ದಳು. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಆಟೋದಲ್ಲಿ ಕುವೆಂಪುನಗರಕ್ಕೆ ಬಂದೆವು. ಮಿಸ್ ಇನ್ನೆರಡು ಸಾಮಾನು ಕೊಟ್ಟಿದ್ದರು. ಒಂದು, ಅವರ ಹಿತ್ತಲಿನ ಮಣ್ಣು ಬೆರೆಸಿದ ಮರಳಿನ ಚೀಲ. ಸುಬ್ಬಿ ಅದರಲ್ಲೇ ಶೌಚ ಮಾಡಿ ರೂಢಿ. ಎಷ್ಟೋ ಬೆಕ್ಕುಗಳು ಹೊಸ ಮನೆಯ ಮೂಲೆಯಲ್ಲಿ ಗಲೀಜು ಮಾಡುವುದು ಕಾಲಡಿಯ ಮಣ್ಣು ಏಕಾಏಕಿ ಬದಲಾದ್ದರಿಂದ. ಹಳೆಯ ಮರಳಿಗೆ ಅಂಗಡಿಯ ಜೇಡಿ ಹರಳನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋದರೆ ಆ ತಾಪತ್ರಯವಿಲ್ಲ. ಎರಡನೆಯದು, ಅವಳು ಮಲಗುತ್ತಿದ್ದ ಮಿಸ್ ಅವರ ಹಳೆಯ ಹತ್ತಿ ಸೀರೆ.

ಈ ಸೀರೆಯ ವಿಷಯವನ್ನು ನಿಧಾನವಾಗಿ ಹೇಳಬೇಕು.

ಅಮ್ಮ ಅದನ್ನು ನೋಡಿದ ಕೂಡಲೇ ಬಕೆಟ್ಟಿಗೆ ನೀರು ಬಿಟ್ಟಳು. ರೋಮ, ಜೊಲ್ಲು, ಒಂದು ತರಹದ ಕಮಟು ವಾಸನೆ. ಮಡಿಯ ಮನೆಯಲ್ಲಿ ಬೆಳೆದವಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದಾದರೂ ಹೇಗೆ? “ಅಮ್ಮ, ಒಗೀಬೇಡ. ಈ ಮನೇಲಿ ಅವಳಿಗೆ ಗೊತ್ತಿರೋದು ಇದೊಂದೇ” ಎಂದೆ. ಅಮ್ಮ ನಲ್ಲಿ ನಿಲ್ಲಿಸಿದಳು.

ನಾವು ಮನೆಯನ್ನು ಕಣ್ಣಿನಿಂದ ಗುರುತಿಸುತ್ತೇವೆ. ಬೆಕ್ಕಿಗೆ ಮನೆಯೆಂದರೆ ಮೊದಲು ವಾಸನೆ. ಅದರ ಕೆನ್ನೆಯಲ್ಲಿ, ಹಣೆಯಲ್ಲಿ, ಗದ್ದದಲ್ಲಿ, ಪಾದಗಳಲ್ಲಿ ಗಂಧ ಸ್ರವಿಸುವ ಗ್ರಂಥಿಗಳಿವೆ. ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜುವ ಬೆಕ್ಕು ‘ಇದು ಗೊತ್ತಿರುವ ಜಾಗ’ ಎಂದು ತನಗೆ ತಾನೇ ಗುರುತು ಹಾಕಿಕೊಳ್ಳುತ್ತಿರುತ್ತದೆ. ನಮಗೆ ಆ ವಾಸನೆ ತಿಳಿಯುವುದೇ ಇಲ್ಲ. ಮೂಗಲ್ಲದೆ, ಮೇಲಿನ ಮುಂಬಲ್ಲುಗಳ ಹಿಂದೆ ಬಾಯಿಯ ಅಂಗುಳಕ್ಕೆ ತೆರೆದುಕೊಳ್ಳುವ ಇನ್ನೊಂದು ಘ್ರಾಣಾಂಗವೂ ಅದಕ್ಕಿದೆ. ಬೆಕ್ಕು ಏನನ್ನೋ ಮೂಸಿ ತುಟಿ ಎತ್ತಿ, ಬಾಯಿ ಅರೆತೆರೆದು ನಿಂತುಬಿಡುವುದನ್ನು ನೀವು ನೋಡಿರಬಹುದು, ಆಗ ಅದು ಕೆಲಸ ಮಾಡುತ್ತಿರುತ್ತದೆ. ಇಂಥ ಪ್ರಾಣಿಯನ್ನು ಬರಮಾಡಿಕೊಳ್ಳಲು ನಾವು ನೆಲ ತೊಳೆದು, ಊದುಬತ್ತಿ ಹಚ್ಚಿ, ಹಾಸಿಗೆ ಒಗೆದು ಕಾದರೆ, ನಮ್ಮ ಕಣ್ಣಿಗೆ ಸಿಂಗಾರವಾದ ಮನೆ ಅದರ ಮೂಗಿಗೆ ಬರೀ ಪರಕೀಯ.

ಆ ಸೀರೆಯನ್ನು ಎರಡು ತುಂಡು ಮಾಡಿದೆ. ಒಂದನ್ನು ಪೆಟ್ಟಿಗೆಯೊಳಗೆ ಹಾಸಿದೆ. ಇನ್ನೊಂದರಿಂದ ಅಂಗೈಯಗಲದ ಚೂರು ಕತ್ತರಿಸಿ, ಬೆಕ್ಕಿನ ಮೂಗಿನ ಎತ್ತರಕ್ಕೆ ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ಅಮ್ಮನ ಹೊಲಿಗೆ ಯಂತ್ರದ ಕಬ್ಬಿಣಕ್ಕೆ ನೆಲದ ಮೇಲೆ ಕೂತು ತಿಕ್ಕಿದೆ. ಮುಂದೆ ಸುಬ್ಬಿ ಕೆನ್ನೆ ಮುಟ್ಟಲು ಬಿಟ್ಟ ಮೇಲೆ ಅವಳ ಕೆನ್ನೆಗೆ ಸವರಿದ ಬಟ್ಟೆಯಿಂದ ಉಳಿದ ಕೋಣೆಗಳಿಗೂ ಹೀಗೇ ಮಾಡಿದೆ. ಅವಳು ನಡುಮನೆಗೆ ಕಾಲಿಡುವ ಮೊದಲೇ ಅವಳ ವಾಸನೆ ಅಲ್ಲಿಗೆ ಹೋಗಿ ಕಾದಿರಬೇಕು. ನಾನು ಮೂರು ದಿನ ತೊಟ್ಟು ಬಿಚ್ಚಿದ ಕಾಟನ್ ಚೂಡಿದಾರವನ್ನು ಅವಳ ಕೋಣೆಯಲ್ಲಿ ಬಿಟ್ಟೆ. ನನ್ನ ಪರಿಚಯವೂ ನಾನಿಲ್ಲದಾಗ ನಡೆಯಲಿ ಎಂದು.

ಕೋಣೆ ಒಂದೇ. ಇಡೀ ಮನೆ ಬಿಟ್ಟುಕೊಡುವುದು ಔದಾರ್ಯವಾಗಿ ಕಂಡರೂ ಹೆದರಿದ ಬೆಕ್ಕಿಗೆ ಅದು ಹೊರಲಾರದ ಹೊರೆ. ನಮ್ಮಲ್ಲಿ ಹೊಲಿಗೆ ಯಂತ್ರ ಇರುವ ಚಿಕ್ಕ ಕೋಣೆಯನ್ನು ಬಿಟ್ಟುಕೊಟ್ಟೆವು. ಕಿಟಕಿಗೆ ಜಾಲರಿ, ಒಂದು ಮೂಲೆಯಲ್ಲಿ ಮರಳಿನ ಟಬ್ಬು, ಅದರಿಂದ ಆದಷ್ಟು ದೂರ ಊಟದ ತಟ್ಟೆ, ನೀರಿನ ಬಟ್ಟಲು ಇನ್ನೊಂದು ಕಡೆ. ಮತ್ತೆ ಒಂದು ರಟ್ಟಿನ ಪೆಟ್ಟಿಗೆ, ಮಗ್ಗುಲಾಗಿ ಮಲಗಿಸಿ, ಬಾಯಿ ಗೋಡೆಯ ಕಡೆಗೆ. ಈ ಪೆಟ್ಟಿಗೆಯನ್ನು ಹಗುರವಾಗಿ ತಿಳಿಯಬೇಡಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿಗಳ ಆಶ್ರಯ ಕೇಂದ್ರವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ಗಮನಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಪೆಟ್ಟಿಗೆ ಸಿಕ್ಕಿದ ಬೆಕ್ಕುಗಳ ಆತಂಕ ಬೇಗ ಇಳಿದಿತ್ತು. ಅಡಗಲು ಜಾಗ ಕೊಟ್ಟರೆ ಬೆಕ್ಕು ಹೊರಗೇ ಬರುವುದಿಲ್ಲ ಎಂಬ ನಮ್ಮ ಭಯಕ್ಕೆ ಇದು ಉತ್ತರ. ಯಾವಾಗ ಬೇಕಾದರೂ ಹಿಂದಕ್ಕೆ ಓಡಬಹುದು ಎಂಬ ಧೈರ್ಯವಿದ್ದರೇ ಅದು ಮುಂದಕ್ಕೆ ಹೆಜ್ಜೆಯಿಡುವುದು.

ಮೊದಲ ದಿನ ಸುಬ್ಬಿ ಏನೂ ಮುಟ್ಟಲಿಲ್ಲ. ಕಾಯಬೇಕು ಎಂದೆನಲ್ಲ, ಊಟದ ವಿಷಯದಲ್ಲಿ ಮಾತ್ರ ಕಾಯುವುದಕ್ಕೆ ಮಿತಿಯಿದೆ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಅದು ಪ್ರಾಣಕ್ಕೇ ಸಂಚಕಾರ. ದಪ್ಪಗಿರುವ ಬೆಕ್ಕಿಗೆ ಇನ್ನೂ ಹೆಚ್ಚು. ಪಶುವೈದ್ಯರಿಗೆ ಫೋನು ಮಾಡಿದೆ. ಹಳೆಯ ಮನೆಯಲ್ಲಿ ತಿನ್ನುತ್ತಿದ್ದದ್ದನ್ನೇ ಕೊಡಿ, ಉಗುರು ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳಲಿ ಎಂದರು. ರಾತ್ರಿ ಬೇಯಿಸಿದ ಕೋಳಿಯ ಚೂರನ್ನು ಬಿಸಿನೀರಿನ ಬಟ್ಟಲ ಮೇಲಿಟ್ಟು ಬೆಚ್ಚಗೆ ಮಾಡಿ ಇಟ್ಟು, ಬಾಗಿಲು ಹಾಕಿಕೊಂಡು ಬಂದೆ. ಬೆಳಿಗ್ಗೆ ತಟ್ಟೆ ಖಾಲಿ, ಮರಳಿನಲ್ಲಿ ಗುರುತು. ನನಗೆ ಅಷ್ಟು ಸಂತೋಷವಾದದ್ದು ಈಚೆಗೆ ನೆನಪಿಲ್ಲ.

ಕೋಳಿ ಎಂದೆ. ನಮ್ಮದು ಸಸ್ಯಾಹಾರಿ ಮನೆ; ಅದು ಸುಲಭವಾಗಿ ಒಳಗೆ ಬಂದದ್ದಲ್ಲ. ಅಮ್ಮನ ವಾದ ಇದ್ದದ್ದು ಹಾಲನ್ನದ ಪರ. “ನಮ್ಮ ಮನೆ ಬೆಕ್ಕುಗಳೆಲ್ಲ ಹಾಲು ಅನ್ನ ತಿಂದೇ ಗುಂಡಗಿದ್ವು.” ಆ ಮನೆಯ ಅಟ್ಟದಲ್ಲಿ ಭತ್ತವಿತ್ತು, ಅಡಿಕೆ ಮೂಟೆಯಿತ್ತು, ಇಲಿ ಯಥೇಚ್ಛವಾಗಿತ್ತು. ಅವರು ಹಾಕಿದ ಹಾಲನ್ನ ಮೇಲುಪಚಾರಕ್ಕೆ. ಅವು ಬದುಕಿದ್ದು ಇಲಿಯಿಂದ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಜೀವ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಲ್ಲೇ ಸಿಗಬೇಕು, ಸಿಗದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಕದ ಮುಚ್ಚಿದ ಮನೆಯಲ್ಲಿ ಇಲಿಯ ಬದಲು ನಾವು ಏನು ಕೊಡುತ್ತೇವೆ ಎಂಬುದು ಸಾಕುವ ಮೊದಲೇ ತೀರ್ಮಾನವಾಗಬೇಕು. ಅಮ್ಮ ಒಂದು ದಿನವೆಲ್ಲ ಮಾತಾಡಲಿಲ್ಲ. ಮಾರನೆಯ ದಿನ ಹಿತ್ತಲ ಕಟ್ಟೆಯ ಮೇಲೆ ಒಂದು ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಟ್ಟಳು. ತಿನ್ನುವ ಜೀವಕ್ಕೆ ಅದರ ಆಹಾರ ಕೊಡದೆ ಇಟ್ಟುಕೊಳ್ಳುವುದೂ ಹಿಂಸೆಯೇ ಎಂದು ಅವಳೇ ಯೋಚಿಸಿ ಹೇಳಿದ ಮಾತನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇನ್ನೊಂದು ಎಚ್ಚರಿಕೆ ಫಿನಾಯಿಲ್‌ನದು. ಫಿನಾಲಿನಂಥ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಿ ಹೊರಹಾಕಲಾರದು. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋದಂತೆಯೇ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಹೇಳಿದಾಗ, “ಅಯ್ಯೋ, ಹಂಗಾದ್ರೆ ಬರೀ ಬಿಸಿನೀರಲ್ಲೇ ಒರೆಸ್ತೀನಿ ಬಿಡಿ” ಎಂದು ಬಾಟಲಿಯನ್ನು ತಾನೇ ಎತ್ತಿ ಮೇಲಿಟ್ಟರು. ಹಾಗೆಯೇ ನಾವು ತಲೆನೋವಿಗೆ ನುಂಗುವ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮೈ ಬಿಸಿಯಿದೆಯೆಂದು ಕರುಣೆಯಿಂದ ಕೊಟ್ಟವರ ಮನೆಯಲ್ಲೇ ಎಷ್ಟೋ ಸಾವಾಗಿದೆ.

ಎದುರುಮನೆಯ ಹುಡುಗ ಮೂರನೇ ಕ್ಲಾಸು. ಬೆಕ್ಕು ಬಂದಿದೆಯೆಂದು ಗೊತ್ತಾದ ಗಳಿಗೆಯಿಂದ ಗೇಟಿನ ಹತ್ತಿರ ಅವನ ಸುತ್ತಾಟ. ಬೇಡವೆನ್ನಲು ಮನಸ್ಸಾಗಲಿಲ್ಲ. “ಒಳಗೆ ಬಾ, ಆದರೆ ಅವಳನ್ನ ನೋಡಬಾರದು. ಗೋಡೆ ಕಡೆ ಮುಖ ಮಾಡಿ ಕೂತು ನಿನ್ನ ಮಗ್ಗಿ ಹೇಳು, ಮೆಲ್ಲಗೆ” ಎಂದೆ. ಅವನು ಅದನ್ನು ಅತ್ಯಂತ ಶ್ರದ್ಧೆಯಿಂದ ನಡೆಸಿದ. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಚಕ್ಕಳಮಕ್ಕಳ ಹಾಕಿ ಕೂತು ಒಂದೇ ರಾಗದಲ್ಲಿ ಮಗ್ಗಿ ಒಪ್ಪಿಸುವನು. ಏರದ, ಇಳಿಯದ ದನಿ. ತನ್ನನ್ನು ಉದ್ದೇಶಿಸದ ದನಿ. ಹೆದರಿದ ಜೀವಕ್ಕೆ ಅದಕ್ಕಿಂತ ಒಳ್ಳೆಯ ಸಂಗೀತವಿಲ್ಲ. ಹದಿಮೂರರ ಮಗ್ಗಿಯಲ್ಲಿ ಅವನು ತಡವರಿಸುತ್ತಿದ್ದಾಗ ಸುಬ್ಬಿ ಪೆಟ್ಟಿಗೆಯಿಂದ ಕತ್ತು ಹೊರಗೆ ಹಾಕಿದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹುಡುಗ ತಿರುಗಲಿಲ್ಲ, ತಪ್ಪಿದಲ್ಲಿಂದಲೇ ಮತ್ತೆ ಹಿಡಿದು ಮುಂದುವರಿಸಿದ. ಎಂಟು ವರ್ಷದ ಮಗುವಿಗೆ ಆ ಸಂಯಮ ಎಲ್ಲಿಂದ ಬಂತೋ.

ಕಣ್ಣಿನ ಮಾತು ಆಮೇಲಿನದು. ದಿಟ್ಟಿಸುವುದು ಬೆಕ್ಕುಗಳ ನಡುವೆ ಬೆದರಿಕೆ. ನಿಧಾನವಾಗಿ ಕಣ್ಣು ಕಿರಿದುಮಾಡಿ, ಮುಚ್ಚಿ, ತೆರೆಯುವುದು ಅದರ ವಿರುದ್ಧದ್ದು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿ ಬರೆದರು: ಮನುಷ್ಯ ಹೀಗೆ ನಿಧಾನವಾಗಿ ಕಣ್ಣು ಮುಚ್ಚಿದಾಗ ಬೆಕ್ಕೂ ಹಾಗೇ ಮಾಡುವ ಸಂಭವ ಹೆಚ್ಚು, ಅಪರಿಚಿತರು ಮಾಡಿದರೂ ಅವರು ಚಾಚಿದ ಕೈಯ ಹತ್ತಿರ ಬರುವ ಸಂಭವ ಹೆಚ್ಚು. ಕಣ್ಣು ಮುಚ್ಚುವ ಬೆಕ್ಕನ್ನು ನಮ್ಮ ಗಾದೆ ಕಳ್ಳನೆಂದು ಕರೆದಿದೆ. ನನ್ನೆದುರು ಸುಬ್ಬಿ ಮೊದಲ ಸಲ ಕಣ್ಣು ಮುಚ್ಚಿದಾಗ ನನಗೆ ಕಂಡದ್ದು ನಂಬಿಕೆಯೊಂದೇ. ಅದೇ ವಾರ ನೆಲಕ್ಕೆ ತಾಗಿಸಿ ಚಾಚಿದ ಬೆರಳನ್ನು ಮೂಸಿ, ಕೆನ್ನೆ ಒತ್ತಿ ಹೋದಳು.

ಈ ನಂಬಿಕೆಯ ಕತೆ ಬಹಳ ಹಳೆಯದು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯಲ್ಲಿ ಒಬ್ಬ ಮನುಷ್ಯನೂ, ಅವನಿಂದ 40 ಸೆಂಟಿಮೀಟರು ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದೂ ಸಿಕ್ಕಿದ ಸುದ್ದಿಯನ್ನು ಫ್ರೆಂಚ್ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಬೆಕ್ಕು ತಾನಾಗಿ ಹುಟ್ಟಿ ಬೆಳೆದ ಪ್ರಾಣಿಯಲ್ಲ. ಅಂದರೆ ಆ ಬೆಕ್ಕನ್ನೋ ಅದರ ಹಿಂದಿನವರನ್ನೋ ಯಾರೋ ದೋಣಿಯಲ್ಲಿ ಸಮುದ್ರ ದಾಟಿಸಿದ್ದರು. ಮನುಷ್ಯ–ಬೆಕ್ಕಿನ ನಂಟಿನ ಬಹಳ ಹಳೆಯ ಸಾಕ್ಷ್ಯಗಳಲ್ಲಿ ಒಂದು, ಮನೆ ಬದಲಾಯಿಸಿದ ಬೆಕ್ಕಿನದು. ಇದನ್ನು ಓದಿದಾಗಿನಿಂದ ನನಗೊಂದು ಕುತೂಹಲ: ದಡ ಸೇರಿದ ಮೇಲೆ ಅವರು ಅದನ್ನು ಹೇಗೆ ಒಗ್ಗಿಸಿಕೊಂಡರು? ಯಾವ ಬುಟ್ಟಿಯಲ್ಲಿಟ್ಟರು, ಎಷ್ಟು ದಿನ ಕಟ್ಟಿಹಾಕಿದರು, ಅಥವಾ ಕಣಜದ ಹತ್ತಿರ ಬಿಟ್ಟು ನೋಡುತ್ತ ಕೂತರೇ? ಯಾರೋ ಒಬ್ಬರು ತಾಳ್ಮೆಯಿಂದಲೇ ಇದ್ದಿರಬೇಕು.

ಬಾಗಿಲು ತೆರೆದಿಟ್ಟ ಮೇಲೆ ಸುಬ್ಬಿ ನಡುಮನೆಯನ್ನು ಗೋಡೆಯಂಚಿನಲ್ಲೇ ಸುತ್ತಿದಳು, ಹೊಟ್ಟೆ ನೆಲಕ್ಕೆ ಅಂಟಿಸಿಕೊಂಡು. ಕುಕ್ಕರ್ ಕೂಗಿದರೆ ಕ್ಷಣದಲ್ಲಿ ಕೋಣೆಗೆ ವಾಪಸ್ಸು. ನಮ್ಮ ಕಿವಿಗೆ ನಿಲುಕುವುದು 20 ಕಿಲೋಹರ್ಟ್ಸ್‌ವರೆಗಿನ ಸದ್ದು. ಬೆಕ್ಕು 60 ದಾಟಿಯೂ ಕೇಳಬಲ್ಲದು. ಮಿಕ್ಸಿಯಿಂದ ಅವಳಿಗೆ ಏನೇನು ಕೇಳಿಸುತ್ತಿತ್ತೋ. ಯಾರೂ ಹೇಳದೆಯೇ ಅಮ್ಮ ಚಟ್ನಿಯನ್ನು ಬೆಳಗಿನ ಜಾವದ ಬದಲು ಸುಬ್ಬಿ ಊಟ ಮುಗಿಸಿ ಕೋಣೆ ಸೇರಿದ ಮೇಲೆ ರುಬ್ಬತೊಡಗಿದಳು. ಹೊರಬಾಗಿಲು ಮಾತ್ರ ಇನ್ನೂ ಭದ್ರ. ಹಳೆಯ ಮನೆ ಇದೇ ಊರಿನಲ್ಲಿ, ಕೆಲವೇ ಕಿಲೋಮೀಟರು ದೂರ. ಬೇಗ ಹೊರಗೆ ಬಿಟ್ಟರೆ ಬೆಕ್ಕು ಹೊರಡುವುದು ಅತ್ತ ಕಡೆಗೇ, ಮಧ್ಯೆ ರಿಂಗ್ ರಸ್ತೆಯಿದ್ದರೂ ಹೆದ್ದಾರಿಯಿದ್ದರೂ. ಒಂದು ದಿನ ಅಡುಗೆಮನೆಯ ಹೊಸಿಲಲ್ಲಿ ಸುಬ್ಬಿ ಬಾಲವನ್ನು ನೆಟ್ಟಗೆ ಮೇಲೆತ್ತಿ ಬಂದು ನಿಂತಳು. ಬೆಕ್ಕು ಪರಿಚಿತರಿಗೆ ಮಾಡುವ ನಮಸ್ಕಾರ ಅದು. ಬಾಗಿಲ ಚೌಕಟ್ಟಿಗೆ, ನಾನು ಸೀರೆಯ ಚೂರು ತಿಕ್ಕಿದ ಜಾಗಕ್ಕೇ, ತನ್ನ ಕೆನ್ನೆ ತಿಕ್ಕಿ ಒಳಗೆ ಬಂದಳು.

ಪುಣೆಯಿಂದ ಮಿಸ್ ಮೊದಮೊದಲು ದಿನವೂ ಫೋನು ಮಾಡುತ್ತಿದ್ದರು. ಅವರ ದನಿಯನ್ನು ಸುಬ್ಬಿಗೆ ಕೇಳಿಸಬೇಕೆಂಬ ಆಸೆ ಅವರಿಗಿತ್ತು, ನನಗೂ ಇತ್ತು. ಬೆಕ್ಕುಗಳು ಸಾಕಿದವರ ದನಿಯನ್ನು ಬೇರೆಯವರ ದನಿಯಿಂದ ಗುರುತಿಸುತ್ತವೆಂದು ಜಪಾನಿನ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ತಿಳಿಯುತ್ತವೆಂದು 2019ರಲ್ಲಿ. ಅದಕ್ಕೇ ಹೆಸರು ಬದಲಾಯಿಸದೆ ಸುಬ್ಬಿಯೆಂದೇ ಉಳಿಸಿಕೊಂಡೆವು. ದನಿಯನ್ನು ಮಾತ್ರ ತಡೆದೆವು. ದನಿ ಕೇಳಿ, ಮನುಷ್ಯ ಕಾಣದೆ, ಅವಳು ಬಾಗಿಲಲ್ಲಿ ಕೂತು ಕಾಯುವ ಹಾಗಾದರೆ? ಮಿಸ್‌ಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಸರಿ ಕಣಮ್ಮ. ನನಗಾಗಿ ಅವಳನ್ನ ಗೊಂದಲ ಮಾಡೋದು ಬೇಡ” ಎಂದರು. ಎಂಬತ್ತು ದಾಟಿದ ಅವರೂ ಆಗ ಹೊಸ ಊರಿನ ಹೊಸ ಕೋಣೆಯೊಂದರಲ್ಲಿ ಒಗ್ಗಿಕೊಳ್ಳುತ್ತಿದ್ದರು. ಅವರನ್ನು ಅಲ್ಲಿ ಯಾರು ಹೇಗೆ ವಿಚಾರಿಸಿಕೊಳ್ಳುತ್ತಿದ್ದಾರೋ ಎಂದು ಫೋನಿಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ. ಈಗ ನಾನು ದಿನಕ್ಕೊಂದು ಫೋಟೋ ಕಳಿಸುತ್ತೇನೆ. ಮಿಸ್ ಉಟ್ಟುಬಿಟ್ಟ ಇನ್ನೊಂದು ಸೀರೆಯನ್ನು ಅವರ ಮಗ ಕೊರಿಯರ್‌ನಲ್ಲಿ ಕಳಿಸಿದ್ದಾರೆ, ಒಗೆಯದೆ.

ದಸರೆ ಬಂತು. ಜಂಬೂಸವಾರಿಯ ದಿನ ಹಾರಿಸುವ 21 ಕುಶಾಲತೋಪಿನ ಸದ್ದಿಗೆ ಬೆದರದಿರಲೆಂದು, ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೂ ಕುದುರೆಗಳಿಗೂ ಇಲ್ಲಿ ಮೊದಲೇ ಫಿರಂಗಿಯ ತಾಲೀಮು ನಡೆಸುತ್ತಾರೆ. ಹೊಸ ಜಾಗಕ್ಕೆ ಬಂದ ಪ್ರಾಣಿಗೆ ಕಾಲಾವಕಾಶ ಬೇಕೆಂದು ಈ ಊರಿಗೆ ಚೆನ್ನಾಗಿ ಗೊತ್ತು. ನಾವೂ ಫಿರಂಗಿಯ ಸದ್ದನ್ನು ಫೋನಿನಲ್ಲಿ ತೀರಾ ಮೆಲ್ಲಗೆ ಇಟ್ಟು, ಸುಬ್ಬಿ ಊಟ ಮಾಡುವಾಗ ಕೇಳಿಸುತ್ತಿದ್ದೇವೆ. ಅವಳು ತಟ್ಟೆ ಬಿಟ್ಟು ಏಳದಿದ್ದರೆ ಮಾತ್ರ ಮಾರನೆಯ ದಿನ ಒಂದು ಗೆರೆ ಏರಿಸುವುದು. ಆಮೇಲೆ ದೀಪಾವಳಿಯಿದೆ, ಅದು ಇನ್ನೂ ಹತ್ತಿರದ ಸದ್ದು. ಅಮ್ಮ ಹೊಲಿಗೆ ಕೋಣೆಯ ಕಿಟಕಿಗೆ ಹಳೆಯ ಜಮಖಾನ ಹೊಲಿದು ದಪ್ಪ ಪರದೆ ಮಾಡಿದ್ದಾಳೆ, ರಟ್ಟಿನ ಪೆಟ್ಟಿಗೆಯನ್ನು ಎಸೆಯಲು ಬಿಟ್ಟಿಲ್ಲ. ನಿನ್ನೆ ಎದುರುಮನೆ ಹುಡುಗ ಬಂದು ಅಮ್ಮನ ಮುಂದೆ ನಿಂತ.

“ಅಜ್ಜಿ, ಈ ಸಲ ನಾನು ಸುರ್‌ಸುರ್ ಬತ್ತಿ ಮಾತ್ರ ಹಚ್ಚೋದು.”

“ನಿನ್ನ ಅಣ್ಣ?”

“ಅವನಿಗೂ ಹೇಳಿದೀನಿ. ಒಪ್ಪಲಿಲ್ಲ ಅಂದ್ರೆ ಮೈದಾನಕ್ಕೆ ಕರ್ಕೊಂಡು ಹೋಗ್ತೀನಿ.”